ಸಹಪಾಠಿಯ ಕರಡು ಪ್ರತಿ

ಓದುವ ಮಕ್ಕಳಿರುವ ಮನೆಯಲ್ಲಿ ಸಂಜೆಯ ಹೊತ್ತು ಹೇಗೆ ಕಳೆಯುವುದೆಂಬುದನ್ನು ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ. ಒಬ್ಬರು ಪದ್ಯವನ್ನು ಗಟ್ಟಿಮಾಡುತ್ತಿರುವರು. ಇನ್ನೊಬ್ಬರು ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಪೆನ್ಸಿಲಿನ ತುದಿಯನ್ನು ಕಚ್ಚುತ್ತಿರುವರು. ಅಡಿಗೆಯ ಮನೆಯಿಂದ ಒಗ್ಗರಣೆಯ ಸದ್ದು ಕೇಳಿಬರುತ್ತಿರುವುದು. ಕಳೆದ ಶ್ರಾವಣದಲ್ಲಿ ಇಂತಹದೊಂದು ಸಂಜೆ, ಒಂಬತ್ತನೆಯ ತರಗತಿಯಲ್ಲಿ ಓದುವ ನಮ್ಮ ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗಿಟ್ಟು, ತಿಂಡಿಯನ್ನೂ ಮುಟ್ಟದೆ ಜಗುಲಿಯ ಮೇಲೆ ಕುಳಿತುಬಿಟ್ಟಳು. ಕಾರಣವೇನೆಂದು ಕೇಳಿದುದಕ್ಕೆ ಬಹಳ ಹೊತ್ತು ಉತ್ತರವಿಲ್ಲ. ಕೊನೆಗೆ, "ಅವಳು ನನ್ನ ಹತ್ತಿರ ಮಾತು ಬಿಟ್ಟಿದಾಳೆ, ಅಪ್ಪ" ಎಂದು ಕಣ್ಣೊರಸಿಕೊಂಡಳು.

ಅವಳೆಂದರೆ ಪಕ್ಕದ ಬೀದಿಯ ಹುಡುಗಿ. ಒಂದನೆಯ ತರಗತಿಯಿಂದಲೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವಳು. ಇಬ್ಬರಲ್ಲಿ ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳಿಗೆ ಶಾಲೆ ಬೇಡವಾಗುತ್ತಿದ್ದಿತು. ಇಂತಹ ಸ್ನೇಹಕ್ಕೆ ಭಂಗ ಬರಲು ಕಾರಣವೇನೆಂದು ವಿಚಾರಿಸಲಾಗಿ, ಅದು ಕೇವಲ ಎರಡು ಮಾತುಗಳ ಬರಹವೆಂದು ತಿಳಿದುಬಂದಿತು.

ಅವರ ಕನ್ನಡದ ಉಪಾಧ್ಯಾಯಿನಿಯವರು 'ನಮ್ಮ ಊರಿನ ಕೆರೆ' ಎಂಬ ವಿಷಯವನ್ನು ಕೊಟ್ಟು ಪ್ರಬಂಧವನ್ನು ಬರೆಯಹೇಳಿದ್ದರು. ಶುದ್ಧಪ್ರತಿಯನ್ನು ಒಪ್ಪಿಸುವ ಮೊದಲು ಮಕ್ಕಳು ಕರಡು ಪ್ರತಿಗಳನ್ನು ಪರಸ್ಪರ ಬದಲಾಯಿಸಿಕೊಂಡು ಓದಿ, ಕೊನೆಯಲ್ಲಿ ತಮ್ಮ ಅಭಿಪ್ರಾಯವನ್ನು ಬರೆಯಬೇಕೆಂದು ನಿಯಮ. ಗೆಳತಿಯ ನಾಲ್ಕು ಪುಟಗಳನ್ನು ಓದಿದ ನಮ್ಮ ಮಗಳು ಅಡಿಯಲ್ಲಿ 'ತುಂಬಾ ಚೆನ್ನಾಗಿದೆ' ಎಂದು ಬರೆದು, ಪಕ್ಕದಲ್ಲಿ ಒಂದು ನಕ್ಷತ್ರವನ್ನೂ ಇಟ್ಟಿದ್ದಳು. ಅದನ್ನು ನಂಬಿದ ಆ ಹುಡುಗಿ ಒಂದಕ್ಷರವನ್ನೂ ಬದಲಾಯಿಸದೆ ಶುದ್ಧಪ್ರತಿಯನ್ನು ಮಾಡಿ ಒಪ್ಪಿಸಿದಳು. ಉಪಾಧ್ಯಾಯಿನಿಯವರು ಅದನ್ನು ಹಿಂದಿರುಗಿಸುವಾಗ, ಮೊದಲಿನ ಎರಡು ಪುಟಗಳು ಪಠ್ಯಪುಸ್ತಕದಿಂದ ಎತ್ತಿ ಬರೆದಂತಿವೆ, ನಿನ್ನ ಊರಿನ ಕೆರೆ ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ಶಾಲೆಯ ಸಮಾರಂಭದಲ್ಲಿ ಓದಲು ಆರಿಸಿದ ಪ್ರಬಂಧಗಳಲ್ಲಿ ಅದು ಸೇರಲಿಲ್ಲ. ಹುಡುಗಿ ಹೊರಗೆ ಬಂದು, "ನಿನಗೂ ಹಾಗೇ ಅನ್ನಿಸಿತ್ತೇನೆ?" ಎಂದು ಕೇಳಿದಳಂತೆ. ಸುಳ್ಳು ಹೇಳಲಾರದೆ ನಮ್ಮವಳು, "ಅನ್ನಿಸಿತ್ತು. ನಿನಗೆ ಬೇಜಾರಾಗಬಾರದು ಅಂತ ಹೇಳಲಿಲ್ಲ" ಎಂದಳಂತೆ. ಅಂದಿನಿಂದ ಮಾತಿಲ್ಲ.

ಇಷ್ಟನ್ನು ಹೇಳಿ ಮುಗಿಸಿ ಅವಳು ನಮ್ಮನ್ನು ಒಂದು ಪ್ರಶ್ನೆ ಕೇಳಿದಳು: "ಹಾಗಾದರೆ ಚೆನ್ನಾಗಿಲ್ಲ ಅಂತ ಬರೆಯಬೇಕಾಗಿತ್ತೇನಪ್ಪ?"

ಈ ಪ್ರಶ್ನೆಗೆ ನಾವು ಕೂಡಲೆ ಉತ್ತರ ಕೊಡಲಾರದೆ ಹೋದೆವು. ಏಕೆಂದರೆ, ಹಾಗೆ ಬರೆದುದರ ಫಲವೇನೆಂಬುದನ್ನು ನಾವು ಬಲ್ಲೆವು.

ಅದು 1991ರ ಮಾತು. ಆಗ ನಾವು ಮೈಸೂರಿನಲ್ಲಿ ಬಿ.ಎ. ತರಗತಿಯ ವಿದ್ಯಾರ್ಥಿಗಳು. ವಿದ್ಯಾರ್ಥಿನಿಲಯದಲ್ಲಿ ನಮ್ಮ ಕೊಠಡಿಯಲ್ಲಿದ್ದ ಗೆಳೆಯನು ಚಿತ್ರದುರ್ಗದ ಕಡೆಯ ಒಂದು ಬೆಂಗಾಡಿನ ಹಳ್ಳಿಯವನು, ಮಿತಭಾಷಿ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಕೇಳಿದ್ದಾಗ ಅವನು ತನ್ನ ತಾಯಿಯನ್ನು ಕುರಿತು ಆರು ಪುಟಗಳನ್ನು ಬರೆದು, ಒಂದು ರಾತ್ರಿ ಬಹು ಸಂಕೋಚದಿಂದ ನಮ್ಮ ಕೈಗಿಟ್ಟು, "ಸ್ವಲ್ಪ ನೋಡು" ಎಂದನು. ನಮಗೆ ವ್ಯಾಕರಣದಲ್ಲಿ ತಕ್ಕಮಟ್ಟಿಗೆ ಹೆಸರಿದ್ದಿತು. ಆ ಹೆಸರಿನ ಮದವೂ ಇದ್ದಿತು. ಕೂಡಲೆ ಕೆಂಪು ಮಸಿಯ ಲೇಖನಿಯನ್ನು ತೆರೆದೆವು. ಅಲ್ಪಪ್ರಾಣವಿರಬೇಕಾದೆಡೆಯಲ್ಲಿ ಮಹಾಪ್ರಾಣ, ಹಕಾರವಿರಬೇಕಾದೆಡೆಯಲ್ಲಿ ಅಕಾರ, ತಪ್ಪಿದ ಒತ್ತಕ್ಷರ, ಹೊಂದದ ಕ್ರಿಯಾಪದ, ಎಲ್ಲಕ್ಕೂ ಒಂದೊಂದು ಗುರುತು. ಬೆಳಗಾಗುವ ವೇಳೆಗೆ ಆ ಆರು ಪುಟಗಳು ಕುಂಕುಮದ ನೀರೆರಚಿದಂತೆ ಕಾಣುತ್ತಿದ್ದುವು. ಕೊನೆಯಲ್ಲಿ 'ಇನ್ನೂ ಬಹಳ ಪರಿಶ್ರಮ ಅಗತ್ಯ' ಎಂದು ಷರಾ ಬರೆದು ಹಿಂದಕ್ಕೆ ಕೊಟ್ಟೆವು. ಅವನು ಉಪಕಾರವಾಯಿತೆಂದು ಹೇಳಿ, ಕಾಗದವನ್ನು ಮಡಿಚಿ ಪೆಟ್ಟಿಗೆಯ ತಳದಲ್ಲಿಟ್ಟನು. ಆ ಲೇಖನವು ಸಂಚಿಕೆಗೆ ಹೋಗಲಿಲ್ಲ. ನಮ್ಮದು ಹೋಯಿತು, ಅಚ್ಚೂ ಆಯಿತು. ಅದರಲ್ಲಿ ವಸಂತ ಋತುವಿನ ವರ್ಣನೆಯಿದ್ದಿತೆಂಬುದಲ್ಲದೆ ಬೇರೇನೂ ಇಂದು ನಮಗೇ ನೆನಪಿಲ್ಲ.

ಪದವಿಯ ಪರೀಕ್ಷೆ ಮುಗಿದು ಊರಿಗೆ ಹೊರಡುವ ದಿನ ಅವನು ಬೇರಾವುದೋ ಮಾತಿನ ನಡುವೆ, "ನನಗೆ ಬರೆಯೋಕೆ ಬರೋದಿಲ್ಲ ಅಂತ ಅವತ್ತೇ ಗೊತ್ತಾಯಿತು ಬಿಡು" ಎಂದನು. ಆ ಮಾತಿನಲ್ಲಿ ನಿಷ್ಠುರವಿರಲಿಲ್ಲ. ಆದುದರಿಂದಲೇ ಅದು ನಮ್ಮಲ್ಲಿ ಇಷ್ಟು ಕಾಲ ಉಳಿದಿದೆ.

ಆ ಆರು ಪುಟಗಳಲ್ಲಿ ಒಂದು ಸಂಗತಿಯಿದ್ದಿತು. ಅವನ ತಾಯಿ ಕೂಲಿಯ ಹಣವನ್ನು ಸಾಸಿವೆಯ ಡಬ್ಬಿಯಲ್ಲಿಡುತ್ತಿದ್ದಳು. ಮಗನ ಶುಲ್ಕಕ್ಕೆಂದು ಡಬ್ಬಿಯನ್ನು ಬರಿದು ಮಾಡಿ ಎಣಿಸಿ ಕೊಟ್ಟಮೇಲೆ, ಡಬ್ಬಿ ಪೂರಾ ಬರಿದಾಗಬಾರದೆಂದು ಒಂದು ನಾಣ್ಯವನ್ನು ತಿರುಗಿ ಅದರೊಳಕ್ಕೆ ಹಾಕುತ್ತಿದ್ದಳು. ಮೂವತ್ತು ವರ್ಷಗಳ ಮೇಲೂ ನಮಗೆ ನೆನಪಿರುವುದು ಅದೊಂದೇ. ಅವನ ಕಾಗುಣಿತದ ತಪ್ಪುಗಳಲ್ಲಿ ಒಂದಾದರೂ ನೆನಪಿಲ್ಲ. ಅಂದು ಮಾತ್ರ ತಪ್ಪುಗಳನ್ನೆಲ್ಲ ಹೇಳಿ, ಆ ನಾಣ್ಯದ ವಿಷಯವಾಗಿ ಒಂದು ಮಾತನ್ನೂ ಆಡದೆ ಹೋದೆವು. ಅದನ್ನು ಓದುವಾಗ ನಮ್ಮ ಗಂಟಲು ಬಿಗಿದುದು ಅವನಿಗೆ ಹೇಗೆ ತಿಳಿಯಬೇಕು?

ಹೀಗೆ ಮಗಳು ಒಂದು ಬಗೆಯಲ್ಲಿ ತಪ್ಪಿದಳು. ನಾವು ಇನ್ನೊಂದು ಬಗೆಯಲ್ಲಿ ತಪ್ಪಿದೆವು. ಮೇಲುನೋಟಕ್ಕೆ ಒಂದು ಸಿಹಿ, ಒಂದು ಕಹಿ. ಆದರೆ ವಿಚಾರಮಾಡಿದರೆ ಎರಡರ ಬೇರೂ ಒಂದೇ ಎಂದು ತೋರುವುದು. ಅವಳು ಓದುವಾಗ ಯೋಚಿಸಿದುದು ತನ್ನ ಸ್ನೇಹವನ್ನು. ನಾವು ಯೋಚಿಸಿದುದು ನಮ್ಮ ಪಾಂಡಿತ್ಯವನ್ನು. ಬರೆದವರಿಗೆ ಏನು ಬೇಕಾಗಿದ್ದಿತೆಂಬುದನ್ನು ಇಬ್ಬರೂ ಯೋಚಿಸಲಿಲ್ಲ.

ಬರೆದವರಿಗೆ ಬೇಕಾದುದೇನು? 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ದಲ್ಲಿ ಇದಕ್ಕೊಂದು ಸೊಗಸಾದ ಸೂಚನೆಯಿದೆ. ಕಣ್ಣು ತನ್ನಲ್ಲಿರುವ ಕಾಡಿಗೆಯನ್ನು ತಾನು ಕಾಣಲಾರದಂತೆ, ಬರೆಯುವವನು ತನ್ನ ದೋಷವನ್ನು ತಾನು ಕಾಣಲಾರನೆಂಬುದು ಅದರ ಭಾವ. ದೋಷದ ಮಾತು ಹಾಗಿರಲಿ, ತನ್ನ ಗುಣವನ್ನೂ ಅವನು ಅನೇಕ ವೇಳೆ ಕಾಣಲಾರನು. ತನ್ನ ಮನಸ್ಸಿನಲ್ಲಿದ್ದುದೆಲ್ಲವೂ ಕಾಗದದ ಮೇಲೆ ಬಂದಿದೆಯೆಂದೇ ಅವನ ನಂಬಿಕೆ. ಬಂದಿದೆಯೇ ಇಲ್ಲವೇ ಎಂಬುದನ್ನು ತಿಳಿಸಬಲ್ಲವನು ಓದುಗನೊಬ್ಬನೇ. ಸಹಪಾಠಿಯು ಗುರುವಲ್ಲ, ಅಂಕ ಕೊಡುವ ಪರೀಕ್ಷಕನೂ ಅಲ್ಲ, ಮೊಟ್ಟಮೊದಲ ಓದುಗನು. ಓದುವಾಗ ತನ್ನಲ್ಲಿ ಏನೇನಾಯಿತೆಂಬುದನ್ನು ಪ್ರಾಮಾಣಿಕವಾಗಿ ಹೇಳಿದರೆ ಅವನ ಕೆಲಸ ಮುಗಿಯಿತು. ಅಮೆರಿಕದ ಅಧ್ಯಾಪಕರಾದ ಪೀಟರ್ ಎಲ್ಬೋ ಎಂಬವರು 1973ರಲ್ಲಿ ಪ್ರಕಟಿಸಿದ 'ರೈಟಿಂಗ್ ವಿತೌಟ್ ಟೀಚರ್ಸ್' ಎಂಬ ಪುಸ್ತಕದಲ್ಲಿ ಒತ್ತಿ ಹೇಳಿರುವುದೂ ಇದನ್ನೇ. ಒಳ್ಳೆಯದು ಕೆಟ್ಟದ್ದೆಂಬ ತೀರ್ಪಿಗಿಂತ, ಓದುತ್ತ ಓದುತ್ತ ನಿನ್ನ ಮನಸ್ಸಿನಲ್ಲಿ ನಡೆದುದೇನೆಂಬ ವರದಿಯೇ ಬರೆಯುವವನಿಗೆ ಹೆಚ್ಚು ಉಪಯುಕ್ತವೆಂಬುದು ಅವರ ಮತ.

ನಾವು ಹೀಗೆ ಪುಸ್ತಕಗಳನ್ನು ಹೊತ್ತುಕೊಂಡು ಮಗಳಿಗೆ ಉಪದೇಶ ಮಾಡುತ್ತಿರಲು, ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನಮ್ಮ ಮನೆಯಾಕೆ ಸೌಟನ್ನು ಹಿಡಿದುಕೊಂಡೇ ಹೊರಗೆ ಬಂದಳು. "ಇಷ್ಟಕ್ಕೆಲ್ಲ ಅಷ್ಟೊಂದು ಪುಸ್ತಕ ಯಾಕೆ? ಸಾರಿನ ರುಚಿ ನೋಡಿ ಅಂದರೆ, ಚೆನ್ನಾಗಿದೆ ಅಂದರೂ ನನಗೆ ಪ್ರಯೋಜನವಿಲ್ಲ, ಚೆನ್ನಾಗಿಲ್ಲ ಅಂದರೂ ಪ್ರಯೋಜನವಿಲ್ಲ. ಹುಳಿ ಮುಂದಾಗಿದೆ ಅಂತಲೋ ಉಪ್ಪು ಸಾಲದು ಅಂತಲೋ ಹೇಳಬೇಕು. ಅದೂ ಸಾರು ಒಲೆಯ ಮೇಲಿರುವಾಗಲೇ ಹೇಳಬೇಕು. ಎಲೆಗೆ ಬಡಿಸಿದ ಮೇಲೆ ಹೇಳಿದರೆ ಏನು ಬಂತು?" ಎಂದು ಹೇಳಿ ಒಳಕ್ಕೆ ಹೋದಳು. ನಾವು ಅರ್ಧ ಗಂಟೆ ಹೇಳಿದುದಕ್ಕಿಂತ ಮಗಳಿಗೆ ಇದೇ ಚೆನ್ನಾಗಿ ತಿಳಿಯಿತು. ಕರಡು ಪ್ರತಿಯೆಂದರೆ ಒಲೆಯ ಮೇಲಿರುವ ಸಾರು. ತಿದ್ದಲು ಇನ್ನೂ ಕಾಲವಿರುವುದರಿಂದಲೇ ಆಗ ಆಡುವ ಮಾತಿಗೆ ಬೆಲೆ.

ಪುಣ್ಯವಶಾತ್ ಉಪಾಧ್ಯಾಯಿನಿಯವರು ಪ್ರಬಂಧವನ್ನು ಇನ್ನೊಮ್ಮೆ ಬರೆದು ತರಲು ಸೋಮವಾರದವರೆಗೆ ಅವಕಾಶ ಕೊಟ್ಟಿದ್ದರು. ಶನಿವಾರ ಮಧ್ಯಾಹ್ನ ನಮ್ಮ ಮಗಳು ತಾನಾಗಿಯೇ ಹೋಗಿ, ಏನು ಹೇಳಿದಳೋ, ಗೆಳತಿಯನ್ನು ಕರೆದುಕೊಂಡು ಬಂದಳು. ಇಬ್ಬರೂ ಮುಖ ಊದಿಸಿಕೊಂಡು ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತರು. ನಾವು ವೃತ್ತಪತ್ರಿಕೆಯನ್ನು ಅಡ್ಡ ಹಿಡಿದುಕೊಂಡು ಕಿವಿಯನ್ನು ಅತ್ತ ಕೊಟ್ಟೆವು.

ಮೊದಲು ನಮ್ಮ ಮಗಳು ಲೇಖನಿಯನ್ನು ಮುಟ್ಟದೆ ಪ್ರಬಂಧವನ್ನು ಗಟ್ಟಿಯಾಗಿ ಓದಿದಳು. ನೀರು ಜೀವಿಗಳಿಗೆಲ್ಲ ಆಧಾರ, ನೀರಿಲ್ಲದೆ ನಾಗರಿಕತೆಯಿಲ್ಲ, ಆದುದರಿಂದ ನೀರನ್ನು ಉಳಿಸಬೇಕು, ಎಂದು ಒಂದು ಪುಟ ಕಳೆಯುವಷ್ಟರಲ್ಲಿ ಬರೆದವಳಿಗೇ ನಗು ಬಂದುಬಿಟ್ಟಿತು. ತನ್ನ ಮಾತನ್ನು ಇನ್ನೊಬ್ಬರ ಧ್ವನಿಯಲ್ಲಿ ಕೇಳಿದಾಗ ಆಗುವ ಅರಿವೇ ಬೇರೆ. ಮೂರನೆಯ ಪುಟದಲ್ಲಿ ಒಂದು ವಾಕ್ಯ ಬಂದಿತು. ಹುಡುಗಿಯ ತಾತ ಆ ಊರಿನ ನೀರುಗಂಟಿಯಾಗಿದ್ದರೆಂದೂ, ಕೆರೆಯ ತೂಬನ್ನು ತೆಗೆದು ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು ಅವರ ಕೆಲಸವೆಂದೂ ಅದರಲ್ಲಿತ್ತು. ಒಂದೇ ವಾಕ್ಯ, ಮುಂದಿನ ಸಾಲಿನಿಂದ ಮತ್ತೆ ಜಲಸಂರಕ್ಷಣೆಯ ಉಪದೇಶ.

ಓದಿ ಮುಗಿಸಿ ನಮ್ಮ ಮಗಳು ಹೇಳಿದುದು ಇಷ್ಟು: "ಈ ತಾತನ ಸಾಲು ಬಂದಾಗ ನನಗೆ ಎಚ್ಚರವಾಯಿತು ಕಣೆ. ಅಲ್ಲಿಯವರೆಗೂ ಇದು ಯಾವ ಊರಿನ ಕೆರೆಯಾದರೂ ಆಗಬಹುದು ಅನ್ನಿಸ್ತು. ತೂಬು ತೆಗೆಯೋ ದಿನ ನಿಮ್ಮ ತಾತ ಏನು ಮಾಡ್ತಿದ್ರು?"

ಈ ಪ್ರಶ್ನೆಗೆ ಬಂದ ಉತ್ತರ ಕಾಲು ಗಂಟೆ ನಡೆಯಿತು. ತಾತ ಬೆಳಗಿನ ಜಾವ ಸ್ನಾನಮಾಡಿ ಗಂಗಮ್ಮನಿಗೆ ಕಾಯಿ ಒಡೆದು ತೂಬಿನ ಬಳಿ ಇಳಿಯುತ್ತಿದ್ದುದು. ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಿತೇ ಎಂದು ಏರಿಯ ಮೇಲಿನಿಂದ ಕೂಗಿ ಕೇಳುತ್ತಿದ್ದುದು. ಸುಗ್ಗಿಯ ಕಾಲದಲ್ಲಿ ಕಣದಿಂದ ಕಣಕ್ಕೆ ಹೋಗಿ ತಮ್ಮ ಪಾಲಿನ ಭತ್ತವನ್ನು ತರುತ್ತಿದ್ದುದು. ಈಗ ಕೆರೆಗೆ ನೀರು ಬರುವುದು ಅಪರೂಪವಾಗಿ ಅವರಿಗೆ ಕೆಲಸವಿಲ್ಲದಿದ್ದರೂ, ಸಂಜೆ ಒಮ್ಮೆ ಏರಿಯ ಮೇಲೆ ನಡೆದುಬಂದ ಹೊರತು ಊಟಕ್ಕೆ ಕೂರದಿರುವುದು. ನಾವು ಪತ್ರಿಕೆಯನ್ನು ಕೆಳಗಿಟ್ಟು ಕೇಳುತ್ತಿದ್ದೆವು. "ಇದನ್ನೆಲ್ಲ ಯಾಕೆ ಬರೆಯಲಿಲ್ಲವೆ?" ಎಂದು ನಮ್ಮ ಮಗಳು ಕೇಳಿದಳು. "ಇದೆಲ್ಲ ಪ್ರಬಂಧಕ್ಕೆ ಸೇರತ್ತೆ ಅಂತ ನನಗೆ ಗೊತ್ತಿರಲಿಲ್ಲ" ಎಂದಳು ಆ ಹುಡುಗಿ.

ಈ ಮಾತನ್ನು ಕೇಳಿ ನಮಗೆ ಒಂದು ವಿಷಯ ಮನದಟ್ಟಾಯಿತು. ಸಹಪಾಠಿಯ ಕರಡನ್ನು ಓದುವವನು ಮಾಡಬಹುದಾದ ಬಹು ದೊಡ್ಡ ಉಪಕಾರವೆಂದರೆ ತಪ್ಪನ್ನು ತೋರಿಸುವುದಲ್ಲ; ಎಲ್ಲಿ ಜೀವವಿದೆಯೆಂದು ತೋರಿಸುವುದು. ಅಲ್ಲಿಂದ ಮುಂದಿನ ದಾರಿಯನ್ನು ಬರೆಯುವವರೇ ಕಂಡುಕೊಳ್ಳುವರು.

ಆ ಗಳಿಗೆಯಲ್ಲಿ ನಮ್ಮ ಹಳೆಯ ಚಾಳಿ ಮತ್ತೆ ತಲೆಯೆತ್ತಿತೆಂಬುದನ್ನು ಒಪ್ಪಿಕೊಳ್ಳಬೇಕು. ಪ್ರಬಂಧದ ಮುಕ್ತಾಯಕ್ಕೆ ಇಂತಹ ವಾಕ್ಯವಿದ್ದರೆ ಹೇಗೆ ಎಂದು ನಾವು ಒಂದು ಗಂಭೀರವಾದ ವಾಕ್ಯವನ್ನು ರಚಿಸಿ ಹೇಳಿದೆವು. ಹುಡುಗಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ ಮಾಮ, ಅದು ನೀವು ಹೇಳಿದ ಹಾಗೆ ಕೇಳಿಸತ್ತೆ" ಎಂದಳು. ಅವಳ ಮಾತು ಸರಿಯಾಗಿದ್ದಿತು. ಬರಹವು ಬರೆದವರದು, ಸಲಹೆಯನ್ನು ತೆಗೆದುಕೊಳ್ಳುವುದೂ ಬಿಡುವುದೂ ಅವರಿಗೆ ಸೇರಿದುದು. ನಾವು ಪತ್ರಿಕೆಯನ್ನು ಮತ್ತೆ ಕೈಗೆತ್ತಿಕೊಂಡೆವು.

ಮನೆಯಲ್ಲಿ ಓದುವ ಮಕ್ಕಳಿರುವವರಿಗೆ ಉಪಯೋಗವಾಗಬಹುದೆಂದು, ಅಂದಿನಿಂದ ಈಚೆಗೆ ಆ ಹುಡುಗಿಯರಿಬ್ಬರೂ ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಹೇಳುವೆವು. ಮೊದಲನೆಯ ಸಲ ಓದುವಾಗ ಲೇಖನಿಯನ್ನು ಹಿಡಿಯಬಾರದು. ಓದುಗರಂತೆ ಸುಮ್ಮನೆ ಓದಬೇಕು. ಓದಿಯಾದ ಮೇಲೆ, ತಮಗೆ ಅರ್ಥವಾದುದನ್ನು ತಮ್ಮ ಮಾತಿನಲ್ಲಿ ಎರಡು ವಾಕ್ಯವಾಗಿ ಹೇಳಬೇಕು. ಬರೆದವರು "ನಾನು ಹೇಳಹೊರಟಿದ್ದು ಅದಲ್ಲ" ಎಂದರೆ, ಇಬ್ಬರಿಗೂ ದೊಡ್ಡದೊಂದು ವಿಷಯ ಗೊತ್ತಾದಂತಾಯಿತು. ಬಳಿಕ ಮನಸ್ಸು ಎಲ್ಲಿ ಎಚ್ಚೆತ್ತಿತು, ಎಲ್ಲಿ ತೂಗಿತು, ಎಲ್ಲಿ ದಾರಿ ತಪ್ಪಿತು ಎಂಬುದನ್ನು ಆಯಾ ಸಾಲನ್ನೇ ಬೆರಳಿಟ್ಟು ತೋರಿಸಬೇಕು. ಎಲ್ಲಿಯೋ ಏನೋ ಸರಿಯಿಲ್ಲವೆಂದರೆ ಯಾರೂ ತಿದ್ದಲಾರರು. ತಿಳಿಯದಿದ್ದುದನ್ನು ಆಕ್ಷೇಪಣೆಯಾಗಿ ಹೇಳುವುದಕ್ಕಿಂತ ಪ್ರಶ್ನೆಯಾಗಿ ಕೇಳುವುದು ಲೇಸು. ಆಕ್ಷೇಪಣೆಗೆ ಸಮಜಾಯಿಷಿ ಬರುವುದು, ಪ್ರಶ್ನೆಗೆ ಉತ್ತರ ಬರುವುದು.

ಕಾಗುಣಿತ, ಒತ್ತಕ್ಷರ, ವಿರಾಮಚಿಹ್ನೆಗಳು ಬೇಡವೆಂದಲ್ಲ. ಅವು ಕೊನೆಗೆ ಬರಬೇಕು. ಕೆಡವಿ ಕಟ್ಟಬೇಕಾದ ಗೋಡೆಗೆ ಮೊದಲೇ ಸುಣ್ಣ ಬಳಿದರೇನು ಫಲ? ನಾವು ಕೆಂಪು ಮಸಿಯಿಂದ ತಿದ್ದಿದ ವಾಕ್ಯಗಳಲ್ಲಿ ಎಷ್ಟನ್ನು ನಮ್ಮ ಗೆಳೆಯನು ತಾನೇ ಹೊಡೆದುಹಾಕಬೇಕಾಗಿದ್ದಿತೋ! ಮತ್ತು ಹೇಳುವ ಮಾತು ಎರಡು ಮೂರನ್ನು ಮೀರಬಾರದು. ನಲವತ್ತು ತಪ್ಪುಗಳನ್ನು ಒಟ್ಟಿಗೆ ಕಂಡವನಿಗೆ ಯಾವುದರಿಂದ ಪ್ರಾರಂಭಿಸಬೇಕೆಂದು ತೋಚದು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್‌ರವರಿಗೆ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಕುವೆಂಪುರವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ ಸಂಗತಿಯನ್ನು ವಾಚಕರು ಬಲ್ಲರು. ಕಸಿನ್ಸರು ಹೇಳಿದುದರಲ್ಲಿ ಇಂದಿಗೂ ಜನ ನೆನೆಯುವುದು ಒಂದೇ ಮಾತನ್ನು: ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂಬುದನ್ನು. ಅವರು ಹಿರಿಯರು, ನಮ್ಮ ಮಕ್ಕಳು ಸಮವಯಸ್ಕರು ಎಂಬ ಭೇದವುಂಟು. ಆದರೂ ಮುಖ್ಯವಾದುದನ್ನೊಂದನ್ನು ಆರಿಸಿ ಹೇಳಬೇಕೆಂಬ ಪಾಠ ಇಬ್ಬರಿಗೂ ಒಂದೇ.

ಕೇಳುವವರಿಗೂ ಒಂದು ನಿಯಮವುಂಟು. ಗೆಳೆಯರು ಹೇಳುತ್ತಿರುವಾಗ ನಡುವೆ ಬಾಯಿಹಾಕಿ ತನ್ನ ಬರಹಕ್ಕೆ ವಕಾಲತ್ತು ವಹಿಸಬಾರದು. ಅಚ್ಚಾದಮೇಲೆ ಓದುಗರ ಮನೆಮನೆಗೂ ಹೋಗಿ ವಿವರಣೆ ಕೊಡಲು ಆಗುವುದೇ? ಹೇಳಿದುದನ್ನು ಬರೆದಿಟ್ಟುಕೊಂಡು, ಒಂದು ರಾತ್ರಿ ಕಳೆದ ಮೇಲೆ ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದು ಉತ್ತಮ.

ಈ ಪದ್ಧತಿ ಹೊಸದೆಂದು ಯಾರೂ ತಿಳಿಯಬೇಕಾಗಿಲ್ಲ. 1922ರ ಸುಮಾರಿನಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ 'ಗೆಳೆಯರ ಗುಂಪು' ಕನ್ನಡ ಸಾಹಿತ್ಯಕ್ಕೆ ಮಾಡಿದ ಉಪಕಾರ ಎಲ್ಲರಿಗೂ ತಿಳಿದಿದೆ. ಸರಿಸಮಾನರು ಕಲೆತು ಓದಿ ಚರ್ಚಿಸುವುದರಿಂದ ಎಂತಹ ಬೆಳೆ ಬರುವುದೆಂಬುದಕ್ಕೆ ಅದೇ ಸಾಕ್ಷಿ. ಸರಕಾರದ ಕಡೆಯಿಂದಲೂ, 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ಶಿಕ್ಷಣ ನೀತಿಯು ವಿದ್ಯಾರ್ಥಿಯ ಪ್ರಗತಿಪತ್ರದಲ್ಲಿ ಉಪಾಧ್ಯಾಯರ ಮೌಲ್ಯಮಾಪನದೊಡನೆ ಸಹಪಾಠಿಗಳ ಮೌಲ್ಯಮಾಪನಕ್ಕೂ ಸ್ಥಾನವಿರಬೇಕೆಂದು ಹೇಳಿದೆ. ಆದರೆ ಹೇಗೆ ಓದಬೇಕು, ಹೇಗೆ ಹೇಳಬೇಕು ಎಂಬುದನ್ನು ಕಲಿಸದೆ ಬರಿಯ ಪ್ರತಿಗಳನ್ನು ಬದಲಾಯಿಸಿಕೊಳ್ಳಹೇಳಿದರೆ, ಅರ್ಧ ಮಂದಿ ನಕ್ಷತ್ರಗಳನ್ನು ಇಡುವರು, ಉಳಿದರ್ಧ ಮಂದಿ ಕೆಂಪು ಮಸಿಯನ್ನು ಚೆಲ್ಲುವರು. ಅದನ್ನು ಕಲಿಸುವ ಕೆಲಸದಲ್ಲಿ ಮನೆಯವರ ಪಾಲೂ ಇದೆ.

ಆ ಹುಡುಗಿಗೆ ಬಹುಮಾನ ಬಂದಿತೇ ಎಂದು ಕೇಳುವಿರಿ. ಬರಲಿಲ್ಲ, ಆಯ್ಕೆಯ ಕೆಲಸ ಅಷ್ಟರಲ್ಲಿ ಮುಗಿದುಹೋಗಿದ್ದಿತು. ದಸರಾ ರಜೆಯಲ್ಲಿ ಅವಳು ಊರಿಗೆ ಹೋಗಿ ಪ್ರಬಂಧವನ್ನು ತಾತನಿಗೆ ಓದಿ ಹೇಳಿದಳು. ತಾತ ಎರಡು ಕಡೆ ತಿದ್ದಿಸಿದರಂತೆ: ಕೋಡಿ ಇರುವುದು ಬಲಕ್ಕಲ್ಲ, ಎಡಕ್ಕೆ, ತೂಬು ಒಂದಲ್ಲ, ಎರಡು. ಉಳಿದುದೆಲ್ಲ ಸರಿಯಾಗಿದೆಯೆಂದು ಹೇಳಿ, ಇನ್ನೊಮ್ಮೆ ಓದು ಎಂದರಂತೆ.

ಈ ಸುದ್ದಿಯನ್ನು ಕೇಳಿದ ರಾತ್ರಿ ನಾವು ನಮ್ಮ ಹಳೆಯ ಗೆಳೆಯನಿಗೆ ಒಂದು ಕಾಗದ ಬರೆದೆವು. ಅವನು ಈಗ ತನ್ನ ಊರಿನ ಹತ್ತಿರದಲ್ಲಿಯೇ ಬೇಸಾಯ ಮಾಡಿಕೊಂಡಿರುವನು. ಮದುವೆ ಮುಂಜಿಗಳಲ್ಲಿ ಭೇಟಿಯಾದಾಗ ಕ್ಷೇಮಸಮಾಚಾರದ ಹೊರತು ಬೇರೆ ಮಾತು ನಮ್ಮಲ್ಲಿ ನಡೆದುದಿಲ್ಲ. ಸಾಸಿವೆಯ ಡಬ್ಬಿಯನ್ನೂ ಆ ಒಂದು ನಾಣ್ಯವನ್ನೂ ಕುರಿತು, ಅಂದು ಓದಿದಾಗ ನಮಗೆ ಏನಾಯಿತೆಂಬುದನ್ನು ಅಂದೇ ಹೇಳಬೇಕಾಗಿದ್ದಂತೆ ಬರೆದೆವು. ಕ್ಷಮೆಯನ್ನೂ ಕೇಳಿದೆವು. ಹದಿನೈದು ದಿನಗಳ ಮೇಲೆ ನಾಲ್ಕು ಸಾಲಿನ ಉತ್ತರ ಬಂದಿತು. ಆ ಲೇಖನ ಈಗ ತನ್ನಲ್ಲಿಲ್ಲವೆಂದೂ, ಪೆಟ್ಟಿಗೆಗೆ ಗೆದ್ದಲು ಹಿಡಿದಾಗ ಹೋಯಿತೆಂದೂ, ತಾಯಿ ತೀರಿಕೊಂಡು ಎಂಟು ವರ್ಷವಾಯಿತೆಂದೂ, ಆಕೆಯ ಡಬ್ಬಿಯ ವಿಷಯ ತನ್ನನ್ನು ಬಿಟ್ಟು ಇನ್ನೊಬ್ಬರಿಗೂ ನೆನಪಿರುವುದೆಂದು ತಿಳಿದು ಸಂತೋಷವಾಯಿತೆಂದೂ ಬರೆದಿದ್ದನು.

ಆ ಕಾಗದದಲ್ಲಿಯೂ ಎರಡು ಕಡೆ ಮಹಾಪ್ರಾಣ ತಪ್ಪಿದ್ದಿತು. ನಾವು ಅದನ್ನು ಮಡಿಚಿ, ತಿದ್ದದೆ, ನಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವೆವು.